ಪಿಸ್ತೂಲ್ ಶ್ರಿಂಪ್ ಬಿಲದಿಂದ ಹೊರಗೇ ಬರ್ತಿಲ್ಲ, ಊಟ ಹೇಗ್ ಕೊಡೋದು?

ಕೋಲಾರ_ಉಪ್ಪುನೀರು:

ಎಲ್ರಿಗೂ ನಮಸ್ಕಾರ. ಕೋಲಾರ ಟೌನ್ ನಮ್ದು. ಮನೇಲಿ ಮೂರಡಿ ಟ್ಯಾಂಕ್ ಇದೆ, ಸುಮಾರು 150 ಲೀಟರ್, ಉಪ್ಪುನೀರಿಂದು, ಸೈಕ್ಲಿಂಗ್ (ಕೊಳೆ ಕರಗಿಸೋ ಬ್ಯಾಕ್ಟೀರಿಯಾ ಬೆಳೆಸೋದು) ಎಲ್ಲಾ ನೆಟ್ಟಗೆ ಮುಗಿದು ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಬಂದ್ಮೇಲೇ ಜೀವ ಬಿಟ್ಟಿದ್ದು. ಈಗ ಒಳಗಿರೋದು ಎರಡು ಕ್ಲೌನ್ ಮೀನು, ಒಂದು ಹಳದಿ ವಾಚ್‌ಮನ್ ಗೋಬಿ ಮೀನು, ಮತ್ತೆ ಹೋದ ತಿಂಗಳು ಬೆಂಗಳೂರಿಂದ ತಂದ ಟೈಗರ್ ಪಿಸ್ತೂಲ್ ಶ್ರಿಂಪ್, ಅಂದ್ರೆ ದೊಡ್ಡ ಕೊಂಡೀಲಿ ಗುಂಡು ಹೊಡೆದಂಗೆ ಸದ್ದು ಮಾಡೋ ಸೀಗಡಿ. ತಂದ ದಿನಾನೇ ಗೋಬಿ ಜೊತೆ ಸೇರ್ಕೊಂಡು ಬಲಗಡೆ ಕಲ್ಲಿನ ಕೆಳಗೆ ಬಿಲ ತೋಡೋಕೆ ಶುರು ಹಚ್ಕೊಂತು, ಇಡೀ ದಿನ ಮರಳು ತಳ್ಕೊಂಡು ಬರೋದು, ಚಿಪ್ಪಿನ ಚೂರು ಎತ್ಕೊಂಡು ಬಂದು ಬಾಗಿಲಿಗೆ ಜೋಡ್ಸೋದು, ನೋಡ್ತಾ ಕೂತ್ರೆ ಆಫೀಸ್ ಕೆಲಸ ಮರ್ತೋಗುತ್ತೆ.

ಸಮಸ್ಯೆ ಏನಂದ್ರೆ ವಾರದಿಂದ ಆಸಾಮಿ ಪತ್ತೇನೇ ಇಲ್ಲ. ಗೋಬಿ ಒಂದೇ ಬಿಲದ ಬಾಯಲ್ಲಿ ಮುಖ ಊದಿಸ್ಕೊಂಡು ಕೂತಿರುತ್ತೆ. ನಿನ್ನೆ ಬೆಳಗ್ಗೆ ನೋಡಿದ್ರೆ ಪಂಪ್ ಹತ್ರ ಸೀಗಡಿ ಆಕಾರದ್ದೇ ಒಂದು ಬಿದ್ದಿತ್ತು, ಕಾಲು ಮೀಸೆ ಎಲ್ಲಾ ಇದೆ, ಹೋಯ್ತು ಕತೆ ಅಂದ್ಕೊಂಡೆ, ಆದ್ರೆ ರಾತ್ರಿ ಮಲಗೋ ಟೈಮಿಗೆ "ಟಕ್" ಅಂತ ಸೌಂಡ್ ಬಂತು. ಅಮ್ಮ ಅಂತೂ ಗಾಜು ಬಿರುಕು ಬಿಡ್ತು ಅಂತ ಎದ್ದು ಬಂದು ಲೈಟ್ ಹಾಕಿದ್ರು. ಇದು ನಿಜವಾಗ್ಲೂ ಗಾಜು ಒಡೆಯುತ್ತಾ ಅನ್ನೋದು ಅವ್ರ ಪ್ರಶ್ನೆ, ಅದನ್ನೂ ಸೇರಿಸಿ ಕೇಳ್ತಿದೀನಿ.

ಇನ್ನೊಂದು ಊಟದ ವಿಷ್ಯ. ನಮ್ಮನೇಲಿ ಮೊಟ್ಟೆ ಕೂಡ ಒಳಗೆ ಬರಲ್ಲ, ಫ್ರಿಜ್ಜಲ್ಲಿ ಸೀಗಡಿ ಪ್ಯಾಕೆಟ್ ಇಟ್ರೆ ನಾನೂ ಟ್ಯಾಂಕೂ ಒಟ್ಟಿಗೇ ಆಚೆ. ಇಲ್ಲೀವರ್ಗೂ ಕ್ಲೌನ್‌ಗೆ ಹಾಕೋ ಪೆಲೆಟ್ಸೇ, ಅದು ಮೇಲೆ ತೇಲುತ್ತೆ, ಕೆಳಗೆ ಇಳಿಯೋಷ್ಟ್ರಲ್ಲಿ ಖಾಲಿ. ಶ್ರಿಂಪ್‌ಗೆ ಏನ್ ಕೊಡ್ಬೇಕು, ಎಷ್ಟ್ ಸಲ, ಬಿಲದೊಳಗೆ ತಲುಪ್ಸೋದ್ ಹೇಗೆ? ಮರಳು ಕೆದಕಿ ಬದುಕಿದ್ಯಾ ಇಲ್ವಾ ನೋಡ್ಲಾ? ಟೆಂಪರೇಚರ್ ಮಧ್ಯಾಹ್ನ 30 ಮುಟ್ತಿದೆ, ಸಾಲಿನಿಟಿ (ನೀರಿನ ಉಪ್ಪಿನಂಶ) 1.025, ಬೋರ್‌ವೆಲ್ ನೀರನ್ನ ಮನೆ ಆರ್‌ಓಗೆ ಹಾಕಿ ಆ ನೀರಿಗೇ ಉಪ್ಪು ಕಲ್ಸೋದು.

ಕೆಜಿಎಫ್_ರೀಫ್:

ಕೆದಕ್ಬೇಡಿ, ದಯವಿಟ್ಟು ಕೈ ಹಾಕ್ಬೇಡಿ. ನಿಮ್ ಶ್ರಿಂಪ್ ಸತ್ತಿಲ್ಲ, ಪೊರೆ ಬಿಟ್ಟಿದೆ. ಪಂಪ್ ಹತ್ರ ಸಿಕ್ಕಿದ್ದನ್ನ ಇನ್ನೂ ಬಿಸಾಕಿಲ್ಲ ಅಂದ್ರೆ ಎತ್ತಿ ನೋಡಿ, ತೂಕಾನೇ ಇರಲ್ಲ, ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣುತ್ತೆ, ಬೆನ್ನಿನ ಚಿಪ್ಪು ಬಾಲ ಸೇರೋ ಜಾಗದಲ್ಲಿ ಬಾಯಿ ಬಿಟ್ಕೊಂಡಿರುತ್ತೆ, ಅಲ್ಲಿಂದಾನೇ ಅದು ಹೊರಗೆ ಜಾರ್ಕೊಂಡಿರೋದು. ದೊಡ್ಡ ಕೊಂಡಿ ಕೂಡ ಬೆರಳು ಸಮೇತ ಪೂರ್ತಿ ಟೊಳ್ಳು. ಸತ್ತ ಸೀಗಡಿ ಆಗಿದ್ರೆ ಬೆಳ್ಳಗೆ ಇಲ್ಲಾ ಕೆಂಪಗೆ ಮಂಜಾಗಿರುತ್ತೆ, ಒಳಗೆ ಮಾಂಸ ಇರುತ್ತೆ, ವಾಸನೆ ನಿಮಗೇ ಹೇಳುತ್ತೆ. ಪೊರೆ ಆಗಿದ್ರೆ ವಾಪಸ್ ಟ್ಯಾಂಕಿಗೇ ಹಾಕಿ, ಅದನ್ನೇ ಕಡಿದು ತಿಂದು ಕ್ಯಾಲ್ಸಿಯಂ ವಾಪಸ್ ತಗೊಳ್ಳೋದೂ ಉಂಟು.

ಹೊಸ ಚಿಪ್ಪು ಗಟ್ಟಿ ಆಗೋವರ್ಗೂ ಅದರ ಮೈ ಮೆತ್ತಗೆ, ಕ್ಲೌನ್ ಫಿಶ್ ಬಂದು ಒಂದ್ ಸಲ ಕುಕ್ಕಿದ್ರೂ ಮುಗೀತು, ಅದಕ್ಕೇ ಬಿಲದ ತಳಕ್ಕೆ ಹೋಗಿ ಕೂತಿರೋದು. ಆ ಟೈಮಲ್ಲಿ ಊಟಾನೂ ಬೇಡ ಅದಕ್ಕೆ. ಈಗ ನೀವು ಮರಳು ಕೆದಕಿದ್ರೆ ಬಿಲ ಕುಸಿದು ಮೆತ್ತಗಿರೋ ಮೈ ಮೇಲೆ ಬೀಳುತ್ತೆ, ಇವತ್ತು ಜೀವಂತ ಇರೋದನ್ನ ನಾಳೆ ನೀವೇ ಸಾಯಿಸಿದಂಗೆ.

ಗೋಬೀನ ನೋಡ್ಕೊಳ್ಳಿ ಸಾಕು. ಈ ಶ್ರಿಂಪ್‌ಗೆ ಕಣ್ಣು ಸರಿಯಾಗಿ ಕಾಣಲ್ಲ, ಹೊರಗೆ ಬಂದಾಗೆಲ್ಲಾ ಒಂದು ಮೀಸೆ ಗೋಬಿ ಮೈ ಮೇಲೆ ಇಟ್ಕೊಂಡೇ ಇರುತ್ತೆ, ಗೋಬಿ ಬಾಲ ಅಲುಗಿಸಿದ್ರೆ ಡೇಂಜರ್ ಅಂತ ಅರ್ಥ, ಇಬ್ರೂ ಒಳಗೆ. ಸೈಟಲ್ಲಿ ಒಬ್ಬ ಮೇಸ್ತ್ರಿ ಇನ್ನೊಬ್ಬ ವಾಚ್‌ಮನ್ ಇದ್ದಂಗೆ. ಗೋಬಿ ಅದೇ ಬಿಲದ ಬಾಯಲ್ಲಿ ಕೂತಿದೆ, ಜಾಗ ಬಿಟ್ಟು ಅಲೀತಿಲ್ಲ ಅಂದ್ರೆ ಒಳಗಡೆ ಯಾರೋ ಇದಾರೆ ಅಂತಾನೇ ಅಂದ್ಕೊಳ್ಳಿ. ಬೆಳಗ್ಗೆ ಎದ್ದಾಗ ಬಾಗಿಲ ಮುಂದೆ ಹೊಸ ಮರಳು ರಾಶಿ ಬಿದ್ದಿದ್ರೆ ಮೇಸ್ತ್ರಿ ಡ್ಯೂಟಿಗೆ ವಾಪಸ್.

ಒಂದ್ ಡೌಟು, ನಿಮ್ ಕಲ್ಲು ಮರಳಿನ ಮೇಲೆ ಕೂತಿದ್ಯಾ ಇಲ್ಲಾ ಕೆಳಗೆ ಗಾಜಿನ ಮೇಲೇನಾ? ಮರಳಿನ ಮೇಲೆ ಇಟ್ಟಿದ್ರೆ ಇವತ್ತಲ್ಲಾ ನಾಳೆ ಅದು ಕೆಳಗಡೆಯೆಲ್ಲಾ ತೋಡಿ ಕಲ್ಲು ವಾಲಿಸ್ಬಿಡುತ್ತೆ. ಗಾಜು ಒಡೆಯೋ ಚಾನ್ಸ್ ಇದ್ರೆ ಅದ್ರಿಂದಾನೇ ಹೊರತು ಅದು ಹೊಡೆಯೋ ಗುಂಡಿನಿಂದ ಅಲ್ಲ.

ಬಂಗಾರಪೇಟೆ_ಬಾಯ್ಸ್:

ಅಮ್ಮಂಗೆ ಹೇಳಿ ನೆಮ್ಮದಿಯಾಗಿ ಮಲಗ್ಲಿ ಅಂತ 😄 ಗಾಜು ಏನೂ ಆಗಲ್ಲ.

ಸೌಂಡ್ ಕತೆ ಗೊತ್ತಾದ್ರೆ ಅವ್ರಿಗೂ ಇಂಟ್ರೆಸ್ಟ್ ಬರುತ್ತೆ. ದೊಡ್ಡ ಕೊಂಡೀಲಿ ಒಂದು ಕಡೆ ಗುಬಟು ಇನ್ನೊಂದ್ ಕಡೆ ಗುಳಿ ಇರುತ್ತೆ, ಕೊಂಡಿ ಫಟ್ ಅಂತ ಮುಚ್ಚಿದಾಗ ಗುಬಟು ಗುಳಿಯೊಳಗೆ ನುಗ್ಗಿ ಅಲ್ಲಿದ್ದ ನೀರು ಗಂಟೆಗೆ ಹೆಚ್ಚುಕಮ್ಮಿ 100 ಕಿಲೋಮೀಟರ್ ಸ್ಪೀಡಲ್ಲಿ ಆಚೆ ಹಾರುತ್ತೆ, ಆ ಸ್ಪೀಡಿಗೆ ಹಿಂದೆ ಒಂದು ಗುಳ್ಳೆ ಹುಟ್ಟುತ್ತೆ, ಆ ಗುಳ್ಳೆ ಕುಸಿದಾಗ ಬರೋದು ನಿಮಗೆ ಕೇಳಿಸಿದ ಸೌಂಡು. ತುಂಬಾ ವರ್ಷ ಎಲ್ರೂ ಕೊಂಡಿಗೆ ಕೊಂಡಿ ಬಡಿದು ಬರೋ ಸದ್ದು ಅಂತಾನೇ ಅಂದ್ಕೊಂಡಿದ್ರು, 2000ದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ಮೇಲೆ ಗುಳ್ಳೆ ಕುಸಿಯೋ ಕ್ಷಣಕ್ಕೇ ಸದ್ದು ಬರೋದು ಅಂತ ಪ್ರೂವ್ ಆಯ್ತು. ಅದರ ಮುಂದಿನ ವರ್ಷ ಅದೇ ಟೀಮು ಆ ಗುಳ್ಳೆ ಸಣ್ಣದಾಗಿ ಮಿಂಚುತ್ತೆ ಅಂತಾನೂ ತೋರ್ಸಿದ್ರು, ಒಳಗೆ ಐದು ಸಾವಿರ ಕೆಲ್ವಿನ್ ಹತ್ರ ಬಿಸಿ, ಆದ್ರೆ ಎಷ್ಟು ಚಿಕ್ಕದು ಎಷ್ಟು ಕಮ್ಮಿ ಹೊತ್ತು ಅಂದ್ರೆ ನಮ್ ಕಣ್ಣಿಗೆ ಕಾಣೋದೂ ಇಲ್ಲ, ನೀರು ಬಿಸಿ ಆಗೋದೂ ಇಲ್ಲ. ಸ್ವಲ್ಪ ದೂರ ಹೋಗೋಷ್ಟ್ರಲ್ಲಿ ಆ ಪೆಟ್ಟಿನ ಜೋರು ಮುಗ್ದಿರುತ್ತೆ, ಹತ್ರ ಇರೋ ಸಣ್ಣ ಏಡಿ ಸಣ್ಣ ಮೀನು ತಲೆ ತಿರುಗಿ ಬೀಳುತ್ತೆ ಅಷ್ಟೇ. ಸಮುದ್ರದಲ್ಲಿ ಇವು ಲಕ್ಷಗಟ್ಲೆ ಸೇರಿ ಟಕಟಕ ಅನ್ನೋದ್ರಿಂದ ಎರಡನೇ ಮಹಾಯುದ್ಧದ ಟೈಮಲ್ಲಿ ಸಬ್‌ಮರೀನ್ ಸದ್ದು ಕೇಳೋರಿಗೇ ತಲೆನೋವಾಗಿತ್ತಂತೆ, ನಿಮ್ ಅಮ್ಮ ಎದ್ದಿದ್ರಲ್ಲಿ ಆಶ್ಚರ್ಯ ಏನಿದೆ.

ಅಂದಂಗೆ ಜಗಳದಲ್ಲಿ ಆ ದೊಡ್ಡ ಕೊಂಡಿ ಬಿದ್ದೋದ್ರೂ ಟೆನ್ಶನ್ ಬೇಡ, ಪೊರೆ ಬಿಡ್ತಾ ಬಿಡ್ತಾ ಇನ್ನೊಂದು ಕಡೆ ಇದ್ದ ಸಣ್ಣದೇ ಪಿಸ್ತೂಲ್ ಆಗುತ್ತೆ, ಬಿದ್ದ ಜಾಗದಲ್ಲಿ ಸಣ್ಣದು ಹುಟ್ಟುತ್ತೆ. ಎಡಚ ಆದ ಅಷ್ಟೇ.

ಶೆಟ್ಟಿಹಳ್ಳಿ_ಮರೀನ್_ತುಮಕೂರು:

ಊಟದ ಬಗ್ಗೆ ನಾನ್ ಹೇಳ್ತೀನಿ, ನಮ್ಮನೇನೂ ಅದೇ ಕೇಸು, ಅಜ್ಜಿ ಇರೋ ಮನೆ.

ಫ್ರೀಜರ್ ಬೇಕೇ ಬೇಕು ಅಂತೇನಿಲ್ಲ. ಮುಳುಗೋ ಮರೀನ್ ಪೆಲೆಟ್ ಅಂತ ಬರುತ್ತೆ, ಸಣ್ಣ ಸೈಜ್ ತಗೊಳ್ಳಿ, ಜೊತೆಗೆ ಫ್ರೀಜ್ ಡ್ರೈಡ್ ಮೈಸಿಸ್ (ಸೀಗಡಿ ಥರದ ಪುಟ್ಟ ಜೀವಿ, ಒಣಗಿಸಿದ್ದು), ಇವೆರಡೂ ಡಬ್ಬೀಲಿ ಅಲಮಾರೀಲಿಟ್ರೂ ಕೆಡಲ್ಲ, ತೇವ ತಾಗ್ಬಾರ್ದು ಅಷ್ಟೇ. ಒಣ ಮೈಸಿಸ್‌ನ ಹಾಗೇ ಹಾಕಿದ್ರೆ ಒಳಗೆ ಗಾಳಿ ಇರುತ್ತಲ್ಲ, ತೇಲ್ಕೊಂಡು ಹೋಗಿ ಓವರ್‌ಫ್ಲೋಗೆ ಬೀಳುತ್ತೆ, ಅದಕ್ಕೆ ಒಂದು ಲೋಟಕ್ಕೆ ಟ್ಯಾಂಕ್ ನೀರನ್ನೇ ಹಾಕಿ ಹತ್ತು ನಿಮಿಷ ನೆನೆಸಿ ಬೆರಳಲ್ಲಿ ಹಿಂಡಿ, ಗುಳ್ಳೆ ಬರೋದು ನಿಂತ್ಮೇಲೆ ಕೆಳಗೆ ಕೂರುತ್ತೆ. ಆ ಲೋಟ ಬೇರೇನೇ ಇಟ್ಕೊಳ್ಳಿ, ಅಡುಗೆಮನೇದು ತಗೊಂಡ್ರೆ ಮುಂದಿನದು ನಿಮಗೇ ಗೊತ್ತು.

ತಲುಪ್ಸೋದಕ್ಕೆ ಮೆಡಿಕಲ್ ಶಾಪಲ್ಲಿ ಸೂಜಿ ಇಲ್ದಿರೋ 10 ಎಂಎಲ್ ಸಿರಿಂಜ್ ತಗೊಳ್ಳಿ, ಅದರ ಮೂತಿಗೆ ಏರ್ ಪಂಪ್‌ಗೆ ಹಾಕೋ ಥರದ ಗಟ್ಟಿ ಏರ್‌ಲೈನ್ ಪೈಪ್ ಒಂದೂವರೆ ಅಡಿ ಸಿಕ್ಕಿಸಿ. ಸಂಜೆ ಲೈಟ್ ಕಮ್ಮಿ ಮಾಡಿ, ಪಂಪ್ ಹತ್ತು ನಿಮಿಷ ಆಫ್ ಮಾಡಿ, ಮೊದ್ಲು ಮೇಲ್ಗಡೆ ಕ್ಲೌನ್‌ಗೆ ಸ್ವಲ್ಪ ಚೆಲ್ಲಿ ಅವುಗಳ ಗಮನ ಅಲ್ಲೇ ಇರ್ಲಿ, ಆಮೇಲೆ ಪೈಪ್ ತುದೀನ ಬಿಲದ ಬಾಗಿಲಿಂದ ಎರಡು ಇಂಚು ಆಚೆ ಇಟ್ಟು ಮೆಲ್ಲಗೆ ಒತ್ತಿ. ಬಿಲದ ಒಳಕ್ಕೇ ತುರುಕ್ಬೇಡಿ, ಒಳಗೆ ತಿನ್ನದೆ ಉಳಿದಿದ್ದು ಕೊಳೆತ್ರೆ ಅಮೋನಿಯಾ ಅಲ್ಲೇ ಹುಟ್ಟೋದು, ನಿಮ್ ಟೆಸ್ಟ್ ಕಿಟ್‌ಗೆ ಗೊತ್ತಾಗೋ ಮುಂಚೆ ಶ್ರಿಂಪ್‌ಗೆ ಗೊತ್ತಾಗುತ್ತೆ. ಸ್ವಲ್ಪ ಹೊತ್ತು ಅಲ್ಲಾಡ್ದೆ ನಿಂತು ನೋಡಿ. ಮೊದ್ಲು ಎರಡು ಮೀಸೆ ಬರುತ್ತೆ, ನೆಲ ತಡಕುತ್ತೆ, ಆಮೇಲೆ ಸಣ್ಣ ಕೊಂಡಿ ಬಂದು ಮೈಸಿಸ್‌ನ ಚಿವುಟಿ ಹಿಡ್ಕೊಂಡು ಹಿಂದಕ್ಕೆ ಹಿಂದಕ್ಕೆ ನಡ್ಕೊಂಡು ಕತ್ತಲೊಳಗೆ ಹೋಗುತ್ತೆ. ಒಂದೊಂದ್ ಸಲ ಸತ್ತ ಮೈಸಿಸ್‌ಗೂ ಒಂದ್ ಗುಂಡು ಹಾರ್ಸಿಯೇ ಒಳಗೆ ಎಳ್ಕೊಂಡು ಹೋಗುತ್ತೆ, ಬಿಲ್ಡಪ್ಪು. ಕೆಲವು ಗೋಬಿಗಳು ತಾವೇ ದೊಡ್ಡ ತುಂಡು ಕಚ್ಕೊಂಡು ಬಂದು ಬಿಲದ ಹತ್ರ ಉಗೀತವೆ, ನಿಮ್ ಗೋಬಿ ಅಂಥದ್ದಾದ್ರೆ ಅರ್ಧ ಕೆಲಸ ಅದೇ ಮಾಡುತ್ತೆ.

ಮುಂದೆ ಯಾವಾಗಾದ್ರೂ ಫ್ರೆಂಡ್ ಮನೆ ಫ್ರೀಜರ್ ಸಿಕ್ರೆ ಸಮುದ್ರದ ಸೀಗಡಿ ಬೆಸ್ಟು. ಪ್ಯಾಕೆಟ್‌ದು ತಗೊಂಡ್ರೆ ಹಿಂದೆ ಬರೆದಿರೋದು ಓದಿ, ಫಾಸ್ಫೇಟ್ ಹಾಕಿರೋದು ಬೇಡ, ಟ್ಯಾಂಕ್ ತುಂಬಾ ಪಾಚಿ ಹಬ್ಬುತ್ತೆ, ಉಪ್ಪು ಖಾರ ಅರಿಶಿನ ಹಚ್ಚಿರೋದಂತೂ ಕೇಳ್ಲೇ ಬೇಡಿ. ಸಿಪ್ಪೆ ತೆಗೆದು ತೊಳೆದು ತೊಗರಿಬೇಳೆ ಗಾತ್ರಕ್ಕೆ ಕತ್ತರಿಸಿ ಸಾಕು, ಬೇಯಿಸ್ಬೇಡಿ. ನಮ್ ಕಡೆ ಕೆರೆಯಿಂದ ಬರೋ ರೋಹು ಕಾಟ್ಲಾ ತುಂಡು ಹಾಕ್ಲಾ ಅಂತ ಕೇಳ್ತಾರೆ ಜನ, ಅದು ಸಿಹಿನೀರಿನ ಮೀನು, ಉಪ್ಪುನೀರಿನ ಪ್ರಾಣಿಗೆ ಅದೇ ದಿನನಿತ್ಯದ ಊಟ ಆಗ್ಬಾರ್ದು. ಒಣ ಟ್ಯೂಬಿಫೆಕ್ಸ್ (ಸಿಹಿನೀರಿನ ಹುಳು) ಕ್ಯೂಬ್ ಕೂಡ ಬೇಡ. ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಜೀವಿ) ಮರಿ ಮನೇಲೇ ಮಾಡಿದ್ರೆ ಗೋಬಿಗೆ ಖುಷಿ, ಶ್ರಿಂಪ್‌ಗೆ ಅದ್ರಿಂದ ಹೊಟ್ಟೆ ತುಂಬಲ್ಲ.

ದಿನಾ ಒಂದ್ ಸಲ ಸ್ವಲ್ಪ ಸ್ವಲ್ಪ ಕೊಡಿ.

ನಂದಿ_ನ್ಯಾನೋ_ಚಿಕ್ಕಬಳ್ಳಾಪುರ:

ತುಮಕೂರು ಅಣ್ಣ ಹೇಳಿದ್ದೆಲ್ಲಾ ಓಕೆ, ಕೊನೇ ಲೈನ್ ಒಂದಕ್ಕೆ ನನ್ನ ವಿರೋಧ ಇದೆ. ದಿನಾ ಯಾಕೆ? ಮೀನಿಗೆ ದಿನಾ ಹಾಕ್ತಿದ್ರೆ ಉದುರಿದ್ದು, ಮರಳಿನ ಮೇಲಿರೋ ಪಾಚಿ ಕಸ, ಇದನ್ನೇ ಅದು ಹೆಕ್ಕಿ ತಿಂದ್ಕೊಂಡಿರುತ್ತೆ. ಸಿರಿಂಜಲ್ಲಿ ವಾರಕ್ಕೆ ಎರಡು ಮೂರು ಸಲ ಧಾರಾಳ. ತೀರಾ ಹಸಿದ್ರೆ ಮಾತ್ರ ಸಣ್ಣ ಬಸವನಹುಳು, ಹರ್ಮಿಟ್ ಏಡಿ ಮೇಲೆ ಕಣ್ಣು ಹಾಕುತ್ತೆ, ಅದಕ್ಕೆ ಪೂರ್ತಿ ನಿಲ್ಲಿಸ್ಲೂಬೇಡಿ. ಬರೀ 150 ಲೀಟರಲ್ಲಿ ಜಾಸ್ತಿ ಊಟಾನೇ ಜಾಸ್ತಿ ಜೀವ ತೆಗೆಯೋದು.

ಆದ್ರೆ ನನಗೆ ಊಟಕ್ಕಿಂತ ಭಯ ಆಗಿದ್ದು ನಿಮ್ ನೀರಿನ ಲೈನ್ ಓದಿ. ಮನೆ ಆರ್‌ಓ ಅಂದ್ರಲ್ಲ, ಅದು ಕಾಪರ್ ಇರೋ ಮಾಡೆಲ್ಲಾ? ಈಗ ಅಂಗಡೀಲಿ ಸಿಗೋ ಕುಡಿಯೋ ನೀರಿನ ಆರ್‌ಓಗಳಲ್ಲಿ ಸುಮಾರು ಮಾಡೆಲ್‌ಗೆ ಕೊನೇಲಿ ಒಂದು ತಾಮ್ರದ ಕಾರ್ಟ್ರಿಡ್ಜ್ ಇಟ್ಟಿರ್ತಾರೆ, ನಮಗೆ ಕುಡಿಯೋಕೆ ಪರವಾಗಿಲ್ಲ, ಸೀಗಡಿ ಏಡಿ ಬಸವನಹುಳು ಜಾತಿಗೆ ತಾಮ್ರ ಅಂದ್ರೆ ವಿಷ, ತೀರಾ ಕಮ್ಮಿ ಇದ್ರೂ. ಮೀನು ಆರಾಮಾಗೇ ಇರುತ್ತೆ, ಅದಕ್ಕೇ ಗೊತ್ತಾಗಲ್ಲ. ಪೊರೆ ಬಿಡೋ ಟೈಮಲ್ಲೇ ಜಾಸ್ತಿ ಸಾಯೋದು. ಇದೇ ಕಾರಣಕ್ಕೆ ಮೀನಿಗೆ ಬಿಳಿ ಚುಕ್ಕಿ ಬಂದಾಗ ತಾಮ್ರ ಇರೋ ಔಷಧಿನ ಮೇನ್ ಟ್ಯಾಂಕಿಗೆ ಯಾವತ್ತೂ ಹಾಕ್ಬಾರ್ದು, ಮೀನನ್ನ ಬೇರೆ ಡಬ್ಬಕ್ಕೆ ತೆಗೆದು ಮಾಡ್ಬೇಕು.

ಇನ್ನೊಂದು, ಆ ಆರ್‌ಓಗಳಲ್ಲಿ ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಪ್ರಮಾಣ) ಕಂಟ್ರೋಲರ್ ಅಂತ ಸ್ಕ್ರೂ ಇರುತ್ತೆ, ರುಚಿಗೋಸ್ಕರ ಬೋರ್ ನೀರನ್ನೇ ಸ್ವಲ್ಪ ವಾಪಸ್ ಮಿಕ್ಸ್ ಮಾಡುತ್ತೆ. ಕೋಲಾರ ಚಿಕ್ಕಬಳ್ಳಾಪುರ ಬೋರ್ ನೀರಲ್ಲಿ ಗಡಸುತನ ಫ್ಲೋರೈಡ್ ಎಲ್ಲಾ ಎಷ್ಟಿದೆ ಅಂತ ನಮ್ಮೂರ ಪಾತ್ರೆ ತಳ ನೋಡಿದ್ರೇ ಗೊತ್ತಾಗುತ್ತೆ, ಅದನ್ನ ಮತ್ತೆ ಸೇರ್ಸೋಕೆ ಆರ್‌ಓ ಯಾಕ್ ಬೇಕಿತ್ತು. ಮೆಂಬರೇನ್ (ಆರ್‌ಓ ಒಳಗಿನ ಮುಖ್ಯ ಫಿಲ್ಟರ್) ಆದ್ಮೇಲೆ ಬರೋ ಪೈಪಿಂದ, ಮಿನರಲ್ಲು ತಾಮ್ರ ಯಾವ್ದೂ ಮುಟ್ಟೋ ಮುಂಚೆ, ಒಂದು ಟೀ ಜಾಯಿಂಟ್ ಹಾಕ್ಸಿ ಬೇರೆ ಲೈನ್ ತಗೊಳ್ಳಿ, ಆ ಲೈನ್‌ಗೆ ಒಂದು ಡಿಐ ಕಾರ್ಟ್ರಿಡ್ಜ್ (ಉಳಿದ ಲವಣಾನೂ ಹೀರೋ ಫಿಲ್ಟರ್). ಟಿಡಿಎಸ್ ಮೀಟರ್ 0 ತೋರಿಸ್ಬೇಕು, ಆ ನೀರಿಗೆ ಮಾತ್ರ ಉಪ್ಪು.

ಅಂದಂಗೆ ಬಿಲಕ್ಕೆ ಬರೀ ಸಣ್ಣ ಮರಳು ಸಾಲಲ್ಲ, ಕುಸೀತಾನೇ ಇರುತ್ತೆ. ಎರಡು ಮೂರು ಇಂಚು ಮರಳಲ್ಲಿ ಒಡೆದ ಚಿಪ್ಪು, ಸಣ್ಣ ಡ್ರೈ ರಾಕ್ ಚೂರು ಕಲಸಿ ಇಡಿ, ಅದೇ ಹೆಕ್ಕಿ ಗೋಡೆ ಕಟ್ಕೊಳ್ಳುತ್ತೆ. ಯಾರಾದ್ರೂ ನಿಜವಾದ ಹವಳದ ತುಂಡು ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಗಟ್ಟಿ ಹವಳ, ಸಮುದ್ರ ಕುದುರೆ ಇವೆಲ್ಲಾ 1972ರ ವನ್ಯಜೀವಿ ಕಾಯ್ದೆ ಒಳಗೆ ಬರುತ್ತೆ, ಸುಮ್ನೆ ತಲೆನೋವು.

ಕೋಲಾರ_ಉಪ್ಪುನೀರು:

ಎಲ್ರಿಗೂ ಥ್ಯಾಂಕ್ಸ್. ಪೊರೇನೇ, ಲೈಟಿಗೆ ಹಿಡಿದ್ರೆ ನನ್ನ ಬೆರಳು ಕಾಣುತ್ತೆ, ಕೊಂಡಿ ಕೂಡ ಟೊಳ್ಳು. ಇವತ್ತು ಬೆಳಗ್ಗೆ ಬಾಗಿಲ ಮುಂದೆ ಹೊಸ ಮರಳೂ ಬಿದ್ದಿದೆ, ಮೇಸ್ತ್ರಿ ಮಾತ್ರ ಇನ್ನೂ ಮುಖ ತೋರಿಸಿಲ್ಲ. ಕಲ್ಲು ಗಾಜಿನ ಮೇಲೇ ಇದೆ, ಆಮೇಲೆ ಮರಳು ಸುರಿದಿದ್ದು.

ಆರ್‌ಓ ಬಿಚ್ಚಿ ನೋಡಿದೆ, ನಂದಿ ಅಣ್ಣ, ಕೊನೇಲಿ ಕಂದು ಬಣ್ಣದ ಕಾರ್ಟ್ರಿಡ್ಜ್ ಮೇಲೆ ಕಾಪರ್ ಅಂತಾನೇ ಬರ್ದಿದೆ 😐 ಇಷ್ಟು ದಿನ ಅದೇ ನೀರು ಹೋಗಿದೆಯಲ್ಲ, ಈಗ ಟ್ಯಾಂಕಲ್ಲಿರೋದನ್ನ ತೆಗೆಯೋದ್ ಹೇಗೆ? ಒಂದೇ ಸಲ ಎಲ್ಲಾ ನೀರು ಬದ್ಲಾಯಿಸ್ಲಾ? ಅಯೋಡಿನ್ ಹಾಕಿದ್ರೆ ಪೊರೆ ಚೆನ್ನಾಗ್ ಬಿಡುತ್ತೆ ಅಂತ ಅಂಗಡಿಯವ್ರು ಬಾಟ್ಲಿ ಕೊಟ್ಟಿದ್ರು, ಅದು ಹಾಕ್ಲಾ? ಆಮೇಲೆ ಬಿಸಿಲಿಗೆ ಏನ್ ಮಾಡ್ತೀರ ನೀವೆಲ್ಲಾ, ಚಿಲ್ಲರ್ ರೇಟ್ ಕೇಳಿ ಫೋನ್ ಇಟ್ಬಿಟ್ಟೆ.

ನಂದಿ_ನ್ಯಾನೋ_ಚಿಕ್ಕಬಳ್ಳಾಪುರ:

ಒಂದೇ ಸಲ ಬೇಡ, ಇನ್ನೂ ಮೆತ್ತಗಿರೋ ಪ್ರಾಣಿಗೆ ಸಾಲಿನಿಟಿ ಟೆಂಪರೇಚರ್ ದಿಢೀರ್ ಅಂತ ಬದ್ಲಾದ್ರೆ ಅದೇ ಒಂದು ಶಾಕ್. ಮೊದ್ಲು ಒಂದು ಕಾಪರ್ ಟೆಸ್ಟ್ ಕಿಟ್ ತಗೊಂಡು ಚೆಕ್ ಮಾಡಿ, ಸೊನ್ನೆ ಬಂದ್ರೆ ಬಚಾವ್. ಬಣ್ಣ ಏರಿದ್ರೆ ಫಿಲ್ಟರ್‌ಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ, ತಾಮ್ರ ಹೀರೋಕೇ ಅಂತ ರೆಸಿನ್ ಬರುತ್ತೆ ಅದನ್ನೂ ಒಂದು ಬ್ಯಾಗಲ್ಲಿ ಇಡಿ, ಕಾರ್ಬನ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ. ಜೊತೆಗೆ ಹೊಸ ಡಿಐ ನೀರಲ್ಲಿ ಉಪ್ಪು ಕಲಸಿ ಒಂದು ದಿನ ಗಾಳಿ ಬಿಟ್ಟು, ಎರಡು ಮೂರು ದಿನಕ್ಕೊಂದ್ ಸಲ ಸ್ವಲ್ಪ ಸ್ವಲ್ಪ ಬದ್ಲಾಯಿಸ್ತಾ ಹೋಗಿ. ಈ ಗಲಾಟೇಲಿ ಹೊಸ ಜೀವ ಏನೂ ತರ್ಬೇಡಿ.

ಅಯೋಡಿನ್ ಬಾಟ್ಲಿ ಮೂಲೇಲಿಡಿ. ಒಳ್ಳೆ ಮರೀನ್ ಉಪ್ಪಲ್ಲಿ ಅದು ಇರುತ್ತೆ, ನೀರು ಬದ್ಲಾಯಿಸ್ತಿದ್ರೆ ಸಾಕು, ಟೆಸ್ಟ್ ಮಾಡ್ದೆ ಸುರಿದ್ರೆ ಅದೇ ವಿಷ. ಚಿಪ್ಪು ಗಟ್ಟಿ ಆಗೋಕೆ ಬೇಕಿರೋದು ಕ್ಯಾಲ್ಸಿಯಂ ಮೆಗ್ನೀಷಿಯಂ, ಅದೂ ಉಪ್ಪಲ್ಲೇ ಬರುತ್ತೆ.

ಕೆಜಿಎಫ್_ರೀಫ್:

ಬಿಸಿಲಿಗೆ ಚಿಲ್ಲರ್ ಇಲ್ದೇನೇ ಮ್ಯಾನೇಜ್ ಮಾಡ್ಬೋದು, ನಮ್ ಕಡೆ ಗಾಳಿ ಒಣಗಿರುತ್ತಲ್ಲ ಅದೇ ಪ್ಲಸ್ಸು. ಟ್ಯಾಂಕಿನ ಗಾಜು ಮುಚ್ಚಳ ತೆಗ್ದುಬಿಡಿ, ನೀರಿನ ಮೇಲೆ ಅಡ್ಡಡ್ಡ ಬೀಸೋ ಹಂಗೆ ಎರಡು ಸಣ್ಣ ಫ್ಯಾನ್ ಇಡಿ, ಕಂಪ್ಯೂಟರ್ ಫ್ಯಾನ್ ಸಾಕು, ನೀರು ಆವಿ ಆಗ್ತಾ ಎರಡು ಮೂರು ಡಿಗ್ರಿ ಇಳಿಯುತ್ತೆ, 27ರ ಹತ್ರ ನಿಂತ್ರೆ ಆರಾಮ. ಮುಚ್ಚಳ ತೆಗೆದ್ರೆ ಮೇಲೆ ಮೆಶ್ ಕಟ್ಟೋದು ಮರೀಬೇಡಿ, ವಾಚ್‌ಮನ್ ಗೋಬಿ ಹೆದರಿದ್ರೆ ಎಗರಿ ನೆಲಕ್ಕೆ ಬೀಳೋ ಗಿರಾಕಿ. ಫ್ಯಾನ್ ಓಡಿದ್ರೆ ನೀರು ದಿನಾ ಕಮ್ಮಿ ಆಗುತ್ತೆ, ಕಮ್ಮಿ ಆಗಿದ್ದಕ್ಕೆ ಉಪ್ಪು ಹಾಕ್ದೇ ಇರೋ ಡಿಐ ನೀರೇ ತುಂಬ್ಸಿ, ಉಪ್ಪು ಆವಿ ಆಗಲ್ಲ, ಅಲ್ಲೇ ಉಳ್ಕೊಂಡಿರುತ್ತೆ, ಉಪ್ಪುನೀರೇ ತುಂಬ್ಸಿದ್ರೆ ವಾರಕ್ಕೆ ಸಾಲಿನಿಟಿ ಎಲ್ಲೋ ಹೋಗಿರುತ್ತೆ.

ಕರೆಂಟ್ ಹೋದಾಗ ಏನು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಬಿಸಿ ನೀರಲ್ಲಿ ಆಮ್ಲಜನಕ ಮೊದ್ಲೇ ಕಮ್ಮಿ, ಬಿಲದ ಒಳಗೆ ಇನ್ನೂ ಕಮ್ಮಿ. ಮನೆ ಇನ್ವರ್ಟರ್‌ಗೆ ಹೀಟರ್ ಲೈಟ್ ಯಾವ್ದೂ ಬೇಡ, ಬರೀ ವೇವ್‌ಮೇಕರ್ (ನೀರು ಅಲುಗಿಸೋ ಸಣ್ಣ ಪಂಪ್) ಒಂದು ಹಾಕಿ, ಹತ್ತು ವ್ಯಾಟ್ ಒಳಗೆ ಎಳೆಯುತ್ತೆ, ಗಂಟೆಗಟ್ಲೆ ಬರುತ್ತೆ. ಇನ್ವರ್ಟರ್ ಇಲ್ಲಾಂದ್ರೆ ಸೆಲ್ ಹಾಕೋ ಏರ್ ಪಂಪ್ ಒಂದು ಕೈಗೆ ಸಿಗೋ ಕಡೆ ಇಟ್ಕೊಳ್ಳಿ.

ಕೋಲಾರ_ಉಪ್ಪುನೀರು:

ಫ್ಯಾನ್ ಇವತ್ತೇ ಹಾಕ್ತೀನಿ. ಸಿರಿಂಜ್ ತಂದಾಯ್ತು, ಮುಳುಗೋ ಪೆಲೆಟ್ ಆರ್ಡರ್ ಹಾಕಿದೀನಿ. ಕೊನೇ ಪ್ರಶ್ನೆ, ಒಂದೇ ಇದೆ ಅಂತ ಬೇಜಾರಾಗುತ್ತೆ, ಎಲ್ಲಾ ಸರಿ ಹೋದ್ಮೇಲೆ ಇನ್ನೊಂದು ಶ್ರಿಂಪ್ ತರ್ಬೋದಾ? ಆರು ಗೆರೆ ರಾಸ್ ಮೀನು ಕೂಡ ಕಣ್ಣಿಗೆ ಬಿದ್ದಿದೆ ಅಂಗಡೀಲಿ, ಸಖತ್ತಾಗಿದೆ.

ಶೆಟ್ಟಿಹಳ್ಳಿ_ಮರೀನ್_ತುಮಕೂರು:

ರಾಸ್ ಬೇಡ, ಅದಕ್ಕೆ ಸಣ್ಣ ಸೀಗಡಿ ಕಂಡ್ರಾಗಲ್ಲ, ಪೊರೆ ಬಿಟ್ಟ ದಿನ ಸಿಕ್ಕಿದ್ರೆ ಕುಕ್ಕಿ ಕುಕ್ಕಿ ಸಾಯಿಸುತ್ತೆ. ಹಾಕ್‌ಫಿಶ್, ಟ್ರಿಗರ್, ಪಫರ್ ಈ ಮೀನುಗಳಂತೂ ಪಟ್ಟಿಗೇ ಸೇರಿಸ್ಬೇಡಿ. ಇನ್ನೊಂದು ಪಿಸ್ತೂಲ್ ಅಂದ್ರೆ ಗಂಡು ಹೆಣ್ಣು ಜೋಡಿ ಆದ್ರೆ ಒಂದೇ ಬಿಲದಲ್ಲಿ ಬಾಳ್ತವೆ, ಒಂದೇ ಲಿಂಗದ್ದಾದ್ರೆ ಒಂದು ಉಳಿಯೋವರ್ಗೂ ಜಗಳ, ಮೂರಡಿ ಟ್ಯಾಂಕಲ್ಲಿ ಓಡಿ ಹೋಗೋಕೂ ಜಾಗ ಇಲ್ಲ. ಅಂಗಡೀಲಿ ಒಂದೇ ಡಬ್ಬದಲ್ಲಿ ಜಗಳ ಆಡ್ದೆ ಸುಮಾರು ದಿನದಿಂದ ಇರೋ ಜೋಡಿ ಕಣ್ಣಾರೆ ಕಂಡ್ರೆ ಮಾತ್ರ ಅದು ಬೇರೆ ಮಾತು, ಆದ್ರೆ ಆಗ ನಿಮ್ಮದನ್ನ ಎಲ್ಲಿಡ್ತೀರ? ಗೋಬಿ ಇದೆಯಲ್ಲ, ಅದಕ್ಕೆ ಅದೇ ಸಾಕು. ಕಾಪರ್ ಟೆಸ್ಟ್ ರಿಸಲ್ಟ್ ಏನ್ ಬಂತು ಅಂತ ಇಲ್ಲೇ ಹಾಕಿ.